ತಾಮ್ರದ ಕೈ ಹಿಡಿಯುವ 'ಜೋಲ್'ಗಳು: ಎರಡು ಔಷಧಿ ಒಂದೇ ಮಣ್ಣಿಗೆ ಬಿದ್ದರೆ ಏನಾಗುತ್ತೆ?

ಮಲೆನಾಡಿನ ಅಡಿಕೆ ತೋಟಗಳಲ್ಲಿ ಈಗ ಒಂದೇ ಮರಕ್ಕೆ ಎರಡು ರೋಗ, ಎರಡು ಔಷಧಿ. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದ್ರೆ ಮೈಲುತುತ್ತ ಮತ್ತು ಸುಣ್ಣ. ಕೆಲವು ವರ್ಷಗಳಿಂದ ತೋಟಗಳನ್ನು ಒಣಗಿಸುತ್ತಿರುವ ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್. ಮೊದಲನೆಯದು ಲೋಹ, ಎರಡನೆಯದು ಕಾರ್ಖಾನೆಯಲ್ಲಿ ಕಟ್ಟಿದ ಸಾವಯವ ಅಣು. ಮಳೆ ಬಂದಾಗ ಎರಡೂ ತೊಳೆದು ಇಳಿಯುವುದು ಮಾತ್ರ ಅದೇ ಬುಡಕ್ಕೆ, ಅದೇ ಮಣ್ಣಿಗೆ.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನ್ನನ್ನು ಒಂದು ಅಭ್ಯಾಸ ಇನ್ನೂ ಬಿಟ್ಟಿಲ್ಲ. ಎರಡು ಬಿಡಿಭಾಗಗಳು ಬೇರೆ ಬೇರೆಯಾಗಿ ಟೆಸ್ಟ್ ಪಾಸಾಗಿವೆ ಅಂದ ಮಾತ್ರಕ್ಕೆ, ಜೋಡಿಸಿದ ಮೇಲೂ ಪಾಸಾಗುತ್ತವೆ ಅಂತ ನಾನು ನಂಬಲ್ಲ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಇಂಟಿಗ್ರೇಷನ್ ಟೆಸ್ಟ್ ಅಂತೀವಿ. ಕೀಟನಾಶಕ, ಶಿಲೀಂಧ್ರನಾಶಕಗಳನ್ನು ನೋಂದಾಯಿಸುವಾಗ ಒಂದೊಂದನ್ನೂ ಪರೀಕ್ಷಿಸುತ್ತಾರೆ, ಸರಿ. ಆದರೆ ಒಂದೇ ತೋಟದಲ್ಲಿ ವರ್ಷಗಟ್ಟಲೆ ಒಂದರ ಮೇಲೊಂದು ಬೀಳುವ ಎರಡು ಔಷಧಿಗಳು ಮಣ್ಣಿನಲ್ಲಿ ಏನು ಮಾಡಿಕೊಳ್ಳುತ್ತವೆ?

ಈ ಪ್ರಶ್ನೆಗೆ ಅರ್ಧ ಉತ್ತರ ಪ್ರಯೋಗಾಲಯಗಳಲ್ಲಿ ಸಿಕ್ಕಿದೆ. ಉಳಿದರ್ಧ ನಮ್ಮ ರಾಜಕಾರಣಕ್ಕೆ ಸಂಬಂಧಿಸಿದ್ದು.

ತಾಮ್ರ ಬಂದ ದಾರಿ

1882ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟವೊಂದರ ಬದಿಯಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಒಂದು ವಿಚಿತ್ರ ಗಮನಿಸಿದ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಬಣ್ಣ ಬಳಿದಿದ್ದರು. ರೋಗ ಬಂದು ಒಳಗಿನ ಬಳ್ಳಿಗಳ ಎಲೆ ಉದುರಿದ್ದವು, ನೀಲಿ ಬಳಿದ ಬಳ್ಳಿಗಳು ಹಸಿರಾಗೇ ನಿಂತಿದ್ದವು. 1885ರಲ್ಲಿ ಅವನು ಆ ಮಿಶ್ರಣದ ವಿವರ ಪ್ರಕಟಿಸಿದ.

ಅದು ನಮ್ಮ ಅಡಿಕೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣ ಫೈಟಾಫ್ತೊರಾ ಜಾತಿಯ ಜೀವಿ ಅಂತ ತೋರಿಸಿ, 1910ರಲ್ಲಿ ಇಲಾಖೆಯ ಬುಲೆಟಿನ್ ಹೊರತಂದರು. ಪರಿಹಾರವಾಗಿ ಅವರು ಹೇಳಿದ್ದು ಬೋರ್ಡೋ ದ್ರಾವಣ. ಅಲ್ಲಿಯವರೆಗೆ ರೈತರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಮುಂದೆ ಇದೇ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಹಿಂದೆಯೂ ಅವರಿದ್ದಾರೆ. ಸರ್ಕಾರಿ ವಿಜ್ಞಾನ ರೈತನ ಅಂಗಳಕ್ಕೆ ಹೋಗಿ ಕೆಲಸ ಮಾಡಿದ ಒಳ್ಳೆಯ ಉದಾಹರಣೆ ಇದು. ಹಾಗಾಗಿ ಮೈಲುತುತ್ತವನ್ನು ಖಳನಾಯಕ ಮಾಡಿ ಬರೆಯುವುದು ನನ್ನ ಉದ್ದೇಶ ಅಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಲಕ್ಷಾಂತರ ಕುಟುಂಬಗಳ ಬೆಳೆ ಉಳಿಸಿದ್ದು ಅದೇ.

ಲೆಕ್ಕ ಮಾತ್ರ ನೋಡಲೇಬೇಕು. ಶೇ. 1ರ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಒಂದು ಹೆಕ್ಟೇರ್ ತೋಟಕ್ಕೆ ಒಂದು ಸಲಕ್ಕೆ 1000 ಲೀಟರ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. 10 ಕೆಜಿ ಮೈಲುತುತ್ತ, ಅಂದ್ರೆ ಎರಡೂವರೆ ಕೆಜಿ ತಾಮ್ರ. ಮಳೆಗಾಲದಲ್ಲಿ ಎರಡು ಸಲ ಹೊಡೆದರೆ 5 ಕೆಜಿ. ಯುರೋಪಿಯನ್ ಒಕ್ಕೂಟ 2019ರಿಂದ ಇಟ್ಟಿರುವ ಮಿತಿ 7 ವರ್ಷಕ್ಕೆ ಹೆಕ್ಟೇರ್‌ಗೆ 28 ಕೆಜಿ, ಸರಾಸರಿ ವರ್ಷಕ್ಕೆ 4. ಅವರು ಈ ಮಿತಿ ಹಾಕಿಕೊಂಡಿದ್ದು ಸುಮ್ಮನೆ ಅಲ್ಲ. ಹಳೆಯ ದ್ರಾಕ್ಷಿ ತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಪದರ ಪದರವಾಗಿ ಕೂತಿದೆ ಅನ್ನೋದು ಅವರಿಗೆ ಗೊತ್ತಾಗಿತ್ತು. ತಾಮ್ರ ಒಂದು ಧಾತು. ಬ್ಯಾಕ್ಟೀರಿಯಾ ಅದನ್ನು ತಿಂದು ಕರಗಿಸಲಾರದು, ಬಿಸಿಲು ಒಡೆಯಲಾರದು. ಹಾಕಿದ್ದು ಹಾಕಿದಲ್ಲೇ ಇರುತ್ತೆ, ಇಲ್ಲಾ ನೀರಿನ ಜೊತೆ ಬೇರೆ ಕಡೆ ಹೋಗುತ್ತೆ.

ಎರಡನೇ ಔಷಧಿ ಯಾಕೆ ಬೇಕಾಯ್ತು?

ಇದು ಜೀವವಿಜ್ಞಾನದ ಪ್ರಶ್ನೆ. ಕೊಳೆರೋಗದ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರ ಅಲ್ಲ, ಪಾಚಿಗಳಿಗೆ ಹತ್ತಿರದ ಬೇರೆಯೇ ವಂಶ. ಎಲೆಚುಕ್ಕಿ ತರುವುದು ನಿಜವಾದ ಶಿಲೀಂಧ್ರಗಳು.

'ಜೋಲ್' ಗುಂಪಿನ ಔಷಧಿಗಳು ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ವಸ್ತುವಿನ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಫೈಟಾಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ, ಹಾಗಾಗಿ ಅದಕ್ಕೆ ಜೋಲ್ ನಾಟುವುದಿಲ್ಲ. ಕೊಳೆಗೆ ಒಂದು, ಚುಕ್ಕಿಗೆ ಇನ್ನೊಂದು ಬೇಕೇಬೇಕು. 'ಎರಡೆರಡು ಯಾಕೆ ಹೊಡೀತೀರಿ' ಅಂತ ಬೆಂಗಳೂರಲ್ಲಿ ಕೂತು ರೈತನನ್ನು ಬೈಯುವವರು ಇದನ್ನು ತಿಳ್ಕೊಳ್ಳಬೇಕು.

ಈಗ ಅಸಲಿ ವಿಷಯ. ಜೋಲ್‌ಗಳು ಎರ್ಗೋಸ್ಟೆರಾಲ್ ತಯಾರಿಕೆ ನಿಲ್ಲಿಸುವುದು ಹೇಗೆ? ಆ ಕೆಲಸ ಮಾಡುವ ಕಿಣ್ವದ ನಡುವೆ ಒಂದು ಕಬ್ಬಿಣದ ಪರಮಾಣು ಇದೆ. ಜೋಲ್ ಅಣುವಿನ ಒಂದು ತುದಿಯಲ್ಲಿ ಮೂರು ಸಾರಜನಕ ಇರುವ ಪುಟ್ಟ ಉಂಗುರ, ಅದರ ಹೆಸರು ಟ್ರಯಜೋಲ್. ಆ ಉಂಗುರದ ಒಂದು ಸಾರಜನಕ ಹೋಗಿ ಕಬ್ಬಿಣವನ್ನು ಹಿಡ್ಕೊಳ್ಳುತ್ತೆ. ಬೀಗದ ಕಿಂಡಿಗೆ ಮೇಣ ಮೆತ್ತಿದ ಹಾಗೆ. ಕಿಣ್ವ ಸ್ತಬ್ಧ.

ಅಂದ್ರೆ ಈ ಔಷಧಿಯ ಕಸುಬೇ ಲೋಹ ಹಿಡಿಯುವುದು. ಕಬ್ಬಿಣ ಹಿಡಿಯುವ ಕೈಗೆ ತಾಮ್ರ ಸಿಕ್ಕರೆ ಬಿಡುತ್ತಾ? ರಸಾಯನಶಾಸ್ತ್ರದಲ್ಲಿ ಇರ್ವಿಂಗ್-ವಿಲಿಯಮ್ಸ್ ಸರಣಿ ಅಂತ ಒಂದಿದೆ. ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕಲ್, ತಾಮ್ರ, ಸತು ಈ ಸಾಲಿನಲ್ಲಿ ಸಾರಜನಕದಂಥ ಕೈಗಳು ಅತಿ ಗಟ್ಟಿಯಾಗಿ ಹಿಡಿಯುವುದು ಸಾಮಾನ್ಯವಾಗಿ ತಾಮ್ರವನ್ನು. ಇದೇ ಕಾರಣಕ್ಕೆ ಇನ್ನೊಂದು ಜನಪ್ರಿಯ ಔಷಧಿ ಮ್ಯಾಂಕೊಜೆಬ್ ಕೂಡ ಗಮನಿಸಬೇಕಾದ್ದು. ಅದರಲ್ಲಿ ಮ್ಯಾಂಗನೀಸ್ ಮತ್ತು ಸತುವನ್ನು ಗಂಧಕದ ಕೈಗಳು ಹಿಡಿದಿರುತ್ತವೆ. ತಾಮ್ರ ಹತ್ತಿರ ಬಂದರೆ ಆ ಕೈಗಳಿಗೆ ಅದೇ ಹೆಚ್ಚು ಇಷ್ಟ.

ಅಣುವನ್ನು ತೂಗುವುದು

'ಹಿಡ್ಕೊಳ್ಳುತ್ತೆ' ಅಂತ ಬಾಯಲ್ಲಿ ಹೇಳಿದರೆ ಆಗಲ್ಲ, ತೋರಿಸಬೇಕು. ನಮ್ಮ ರೈತರ ಹತ್ತಿರ ಒಂದು ಹಳೇ ಪರೀಕ್ಷೆ ಇದೆ. ಬೋರ್ಡೋ ಸರಿಯಾಗಿ ಬಂದಿದೆಯಾ ಅಂತ ನೋಡಲು ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕೂತರೆ ಬಿಡಿ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ, ಸುಣ್ಣ ಇನ್ನಷ್ಟು ಬೇಕು. ತಾಮ್ರ ಯಾವ ರೂಪದಲ್ಲಿದೆ ಅನ್ನೋದನ್ನು ಕೇಳುವ ಪರೀಕ್ಷೆ ಇದು. ಎಷ್ಟು ತಾಮ್ರ ಇದೆ ಅನ್ನೋದಕ್ಕಿಂತ ಇದು ಜಾಣ ಪ್ರಶ್ನೆ.

ಇದೇ ಪ್ರಶ್ನೆಯನ್ನು ಅಣುಗಳ ಮಟ್ಟದಲ್ಲಿ ಕೇಳುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಸರಳವಾಗಿ ಹೇಳೋದಾದ್ರೆ ಅದೊಂದು ತಕ್ಕಡಿ. ಅಣುವಿಗೆ ವಿದ್ಯುತ್ ಆವೇಶ ಕೊಟ್ಟು, ನಿರ್ವಾತದಲ್ಲಿ ಓಡಿಸಿ, ವಿದ್ಯುತ್ ಅಥವಾ ಕಾಂತಕ್ಷೇತ್ರದಲ್ಲಿ ಅದು ಎಷ್ಟು ಬಾಗುತ್ತೆ, ಎಷ್ಟು ಬೇಗ ತಲುಪುತ್ತೆ ಅಂತ ಅಳೆದರೆ ಅದರ ತೂಕ ಸಿಗುತ್ತೆ. ತೊಂದರೆ ಏನಿತ್ತು ಅಂದ್ರೆ, ಹಳೆಯ ವಿಧಾನಗಳಲ್ಲಿ ಆವೇಶ ಕೊಡುವಾಗಲೇ ನಾಜೂಕಿನ ಅಣುಗಳು ಚೂರಾಗುತ್ತಿದ್ದವು. ಜಾನ್ ಫೆನ್ ಬೆಳೆಸಿದ ಎಲೆಕ್ಟ್ರೋಸ್ಪ್ರೇ ವಿಧಾನ ಅದನ್ನು ಬದಲಿಸಿತು. ದ್ರಾವಣವನ್ನು ಸಣ್ಣ ಸೂಜಿಯಿಂದ ಆವೇಶಭರಿತ ತುಂತುರಾಗಿ ಚಿಮ್ಮಿಸಿದರೆ ಹನಿ ಒಣಗುತ್ತಾ ಹೋಗಿ, ಅಣು ಹೆಚ್ಚು ಕಮ್ಮಿ ಇದ್ದ ಹಾಗೇ, ಜೊತೆಗಾರನ ಕೈ ಹಿಡಿದೇ ಗಾಳಿಗೆ ಬರುತ್ತೆ. 2002ರ ನೊಬೆಲ್ ಪ್ರಶಸ್ತಿಯಲ್ಲಿ ಫೆನ್‌ಗೆ ಪಾಲು ಸಿಕ್ಕಿದ್ದು ಇದಕ್ಕೇ.

ಟೆಬುಕೊನಜೋಲನ್ನು ಉದಾಹರಣೆಗೆ ತಗೊಳ್ಳಿ. ಅದರ ತೂಕ 307. ಒಂದು ಪ್ರೋಟಾನ್ ಅಂಟಿಸಿಕೊಂಡು ಯಂತ್ರದಲ್ಲಿ 308ರಲ್ಲಿ ಒಂದು ಗೆರೆಯಾಗಿ ಕಾಣುತ್ತೆ. ಅದರಲ್ಲೊಂದು ಕ್ಲೋರಿನ್ ಇದೆ. ಪ್ರಕೃತಿಯಲ್ಲಿ ಕ್ಲೋರಿನ್ 35 ಮತ್ತು 37 ಎಂಬ ಎರಡು ತೂಕಗಳಲ್ಲಿ, ಸುಮಾರು ಮೂರಕ್ಕೊಂದರ ಪ್ರಮಾಣದಲ್ಲಿ ಇರೋದರಿಂದ, 310ರಲ್ಲಿ ಮೂರನೇ ಒಂದರಷ್ಟು ಎತ್ತರದ ಇನ್ನೊಂದು ಗೆರೆ ಬರುತ್ತೆ.

ಈಗ ತಾಮ್ರ ಸೇರಿಸಿ. ತಾಮ್ರಕ್ಕೂ ಎರಡು ತೂಕ: 63 ಶೇ. 69ರಷ್ಟು, 65 ಶೇ. 31ರಷ್ಟು. ಒಂದು ತಾಮ್ರ ಒಂದು ಟೆಬುಕೊನಜೋಲ್ ಹಿಡಿದರೆ ಗೆರೆ 370ಕ್ಕೆ ಜಿಗಿಯುತ್ತೆ. ಜೊತೆಗೆ 372, 374. ಕ್ಲೋರಿನ್‌ನ ಜೋಡಿಯೂ ತಾಮ್ರದ ಜೋಡಿಯೂ ಬೆರೆತು 372ರ ಗೆರೆ ಮೊದಲನೆಯದರ ಮುಕ್ಕಾಲಿಗಿಂತ ತುಸು ಹೆಚ್ಚು ಎತ್ತರಕ್ಕೆ ಏಳುತ್ತೆ. ಎರಡು ಟೆಬುಕೊನಜೋಲ್‌ಗಳು ಒಂದೇ ತಾಮ್ರವನ್ನು ಎರಡೂ ಕಡೆಯಿಂದ ಹಿಡಿದರೆ ಗೆರೆ 677ರಲ್ಲಿ. ತೂಕ ಮತ್ತು ಗೆರೆಗಳ ಎತ್ತರ ಎರಡೂ ಸೇರಿದರೆ ಬೆರಳಚ್ಚು ಇದ್ದ ಹಾಗೆ. ಬೇರೆ ಯಾವುದೋ ಕಸ ಅಲ್ಲ, ತಾಮ್ರವೇ ಅಂತ ಹೇಳಬಹುದು. ಆಮೇಲೆ ಆ ಜೋಡಿಯನ್ನು ಮಾತ್ರ ಆರಿಸಿ ಅನಿಲದ ಕಣಗಳಿಗೆ ಡಿಕ್ಕಿ ಹೊಡೆಸುತ್ತಾರೆ. ಎಷ್ಟು ಜೋರಾಗಿ ಗುದ್ದಿದರೆ ಕೈ ಬಿಡುತ್ತೆ ಅನ್ನೋದರಿಂದ ಹಿಡಿತ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ.

ಇದನ್ನು ಮಾಡಿ ನೋಡಿದವರಿದ್ದಾರೆ. ಚೆಕ್ ಗಣರಾಜ್ಯದ ಯಾನಾ ಯಾಕ್ಲೊವಾ, ಡೆಟ್ಲೆಫ್ ಶ್ರೋಡರ್ ಮತ್ತು ಜೊತೆಗಾರರು ಟೆಬುಕೊನಜೋಲ್-ತಾಮ್ರದ ಜೋಡಿಯನ್ನು ಎಲೆಕ್ಟ್ರೋಸ್ಪ್ರೇ ವಿಧಾನದಲ್ಲಿ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಇವೆರಡೂ ಕೂಡುತ್ತವೆ ಅನ್ನೋದು ಊಹೆಯಲ್ಲ. ಅವರಿಗೆ ಇದು ಮುಖ್ಯ ಅನ್ನಿಸಿದ್ದಕ್ಕೆ ಕಾರಣ ದ್ರಾಕ್ಷಿ ತೋಟ: ಅಲ್ಲೂ ಹಳೇ ತಾಮ್ರದ ಮೇಲೆ ಹೊಸ ಜೋಲ್.

ಒಂದು ಎಚ್ಚರಿಕೆ. ನಿರ್ವಾತದ ಕೊಳವೆಯಲ್ಲಿ ಕಂಡದ್ದೆಲ್ಲ ತೀರ್ಥಹಳ್ಳಿಯ ಮಣ್ಣಲ್ಲಿ ಹಾಗೇ ನಡೆಯುತ್ತೆ ಅಂತ ಹೇಳಲಾಗದು. ಮಣ್ಣಿನಲ್ಲಿ ಕೊಳೆತ ಎಲೆಯ ಆಮ್ಲಗಳಿವೆ, ಜೇಡಿ ಇದೆ, ಕಬ್ಬಿಣದ ಆಕ್ಸೈಡ್ ಇದೆ. ಇವೆಲ್ಲವೂ ತಾಮ್ರಕ್ಕಾಗಿ ಪೈಪೋಟಿ ಮಾಡುತ್ತವೆ. ಹುಳಿ ಮಣ್ಣಲ್ಲಿ ತಾಮ್ರ ಹೆಚ್ಚು ಓಡಾಡುತ್ತೆ, ಸುಣ್ಣದ ಮಣ್ಣಲ್ಲಿ ಕಡಿಮೆ. ಮಾಸ್ ಸ್ಪೆಕ್ ಹೇಳುವುದು 'ಇವು ಕೂಡಬಲ್ಲವು, ಹೀಗೆ ಕೂಡುತ್ತವೆ' ಅಂತ. 'ನಿಮ್ಮ ತೋಟದಲ್ಲಿ ಎಷ್ಟು ಕೂಡಿವೆ' ಅಂತ ತಿಳಿಯಲು ತೋಟದ ಮಣ್ಣನ್ನೇ ತರಬೇಕು.

ಕೂಡಿದರೆ ಏನಂತೆ?

ಬಹಳ ಇದೆ. ಅಣು ತಾಮ್ರದ ಕೈ ಹಿಡಿದಾಗ ಅದರ ಆಕಾರ, ಆವೇಶ, ನೀರಲ್ಲಿ ಕರಗುವ ಗುಣ ಎಲ್ಲವೂ ಬದಲಾಗುತ್ತವೆ. ಅದು ಜೇಡಿಗೆ ಹೆಚ್ಚು ಅಂಟಿಕೊಂಡು ಕೂರಬಹುದು, ಇಲ್ಲಾ ನೀರಿನ ಜೊತೆ ಬಾವಿಗೆ ಇಳಿಯಬಹುದು. ಯಾವುದು ಅನ್ನೋದನ್ನು ಮಣ್ಣು ತೀರ್ಮಾನಿಸುತ್ತೆ. ಟೆಬುಕೊನಜೋಲ್ ಮೊದಲೇ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುವ ವಸ್ತು. ಅದನ್ನು ಒಡೆಯುವವರು ಮಣ್ಣಿನ ಸೂಕ್ಷ್ಮಜೀವಿಗಳು. ಹೆಚ್ಚಾದ ತಾಮ್ರ ಆ ಸೂಕ್ಷ್ಮಜೀವಿಗಳಿಗೇ ವಿಷ. ಎರೆಹುಳುವಿಗೂ ಅಷ್ಟೆ.

ಇನ್ನೊಂದು ಕೊಂಡಿ ಆಸ್ಪತ್ರೆಯ ವಾರ್ಡಿನವರೆಗೆ ಹೋಗುತ್ತೆ. ಮನುಷ್ಯರ ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್ ಕೂಡ ಇದೇ ಕುಟುಂಬ, ಇದೇ ಕಿಣ್ವ, ಇದೇ ಸಾರಜನಕದ ಕೈ. ಮಣ್ಣಲ್ಲಿ ಜೋಲ್‌ಗಳ ಜೊತೆ ದೀರ್ಘಕಾಲ ಬದುಕುವ ಆಸ್ಪರ್ಜಿಲಸ್ ಶಿಲೀಂಧ್ರ ಔಷಧಿಗೆ ಬಗ್ಗದಂತೆ ಬದಲಾಗಬಲ್ಲದು ಅನ್ನೋದು ಯುರೋಪಿನಲ್ಲಿ ದೊಡ್ಡ ಚರ್ಚೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಂದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಅತ್ಯಂತ ಮೇಲಿನ ಗುಂಪಿನಲ್ಲಿದೆ. ಮಣ್ಣಲ್ಲಿ ಜೋಲ್ ಎಷ್ಟು ದಿನ ಉಳಿಯುತ್ತೆ ಅನ್ನೋದು ಬರೀ ತೋಟದ ಪ್ರಶ್ನೆಯಲ್ಲ.

ನಾವು ಅಳೆಯುವುದೇನು, ಬಿಡುವುದೇನು?

ಇಲ್ಲಿಗೆ ರಾಜಕಾರಣ ಬಂತು. ಇವತ್ತು ನಮ್ಮ ಲ್ಯಾಬ್‌ಗಳಲ್ಲಿ ಕೆಲಸ ನಡೆಯೋದು ಎರಡು ಬೇರೆ ಬೇರೆ ಯಂತ್ರಗಳಲ್ಲಿ. ಔಷಧಿಯ ಉಳಿಕೆಗೆ ಎಲ್‌ಸಿ-ಎಂಎಸ್: ಮಾದರಿಯನ್ನು ದ್ರಾವಕದಲ್ಲಿ ಅಲ್ಲಾಡಿಸಿ, ಆಮ್ಲ ಸೇರಿಸಿ, ಟೆಬುಕೊನಜೋಲ್ ಒಂದನ್ನೇ ಹುಡುಕುತ್ತಾರೆ. ಒಂದು ಕೆಜಿಯಲ್ಲಿ 0.01 ಮಿಲಿಗ್ರಾಂ ಇದ್ದರೂ ಹಿಡಿಯುತ್ತೆ. ಲೋಹಕ್ಕೆ ಐಸಿಪಿ-ಎಂಎಸ್: ಸಾವಿರಾರು ಡಿಗ್ರಿ ಶಾಖದ ಆರ್ಗಾನ್ ಪ್ಲಾಸ್ಮಾದಲ್ಲಿ ಎಲ್ಲ ಅಣುಗಳನ್ನೂ ಸುಟ್ಟು ಬಿಡಿ ಪರಮಾಣು ಮಾಡಿ ತಾಮ್ರವನ್ನು ಎಣಿಸುತ್ತಾರೆ. ಎರಡೂ ಅದ್ಭುತ ಯಂತ್ರಗಳೇ. ಆಹಾರದಲ್ಲಿ ಉಳಿಕೆ ಎಷ್ಟು ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡುತ್ತವೆ. ಆದರೆ ಒಂದು ಕೈಯನ್ನು ಬಿಡಿಸಿ ಎಣಿಸುತ್ತೆ, ಇನ್ನೊಂದು ಸುಟ್ಟು ಎಣಿಸುತ್ತೆ. ಕೈ ಹಿಡಿದಿದ್ದವಾ ಇಲ್ಲವಾ ಅಂತ ಎರಡೂ ಹೇಳಲ್ಲ.

ಇದಕ್ಕಿಂತ ದೊಡ್ಡ ಕುರುಡು ಮಣ್ಣು ಆರೋಗ್ಯ ಕಾರ್ಡ್‌ನಲ್ಲಿದೆ. 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಈ ಕಾರ್ಡಿನ 12 ಅಳತೆಗಳಲ್ಲಿ ತಾಮ್ರವೂ ಇದೆ. ಆದರೆ ಅದು ಇರುವುದು ಲಘು ಪೋಷಕಾಂಶವಾಗಿ: ಕೊರತೆ ಇದೆಯಾ, ಸಾಕಷ್ಟಿದೆಯಾ. ಜಾಸ್ತಿ ಆಗಿದೆಯಾ ಅನ್ನೋ ಕಾಲಮ್ ಇಲ್ಲ. ತಲೆಮಾರುಗಳಿಂದ ಬೋರ್ಡೋ ಹೊಡೆದ ತೋಟಕ್ಕೂ, ಒಮ್ಮೆಯೂ ಹೊಡೆಯದ ರಾಗಿ ಹೊಲಕ್ಕೂ ಕಾರ್ಡ್ 'ಸಾಕಷ್ಟಿದೆ' ಅಂತಲೇ ಬರೆಯಬಹುದು. ಅದೇ ಸರ್ಕಾರ ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ಕೆಜಿಗೆ 300 ಮಿಲಿಗ್ರಾಂ ತಾಮ್ರ ಮೀರಬಾರದು ಅಂತ ಮಿತಿ ಇಟ್ಟಿದೆ. ಗೊಬ್ಬರಕ್ಕೆ ಇರುವ ಎಚ್ಚರಿಕೆ ಮಣ್ಣಿಗೆ ಯಾಕಿಲ್ಲ?

ವೃಷಭಾವತಿಯ ದಂಡೆಯಲ್ಲಿರುವ ನಮಗೇನು?

ವಿಜಯನಗರ, ಬಸವೇಶ್ವರನಗರದಲ್ಲಿ ಬಾಡಿಗೆ ಕಟ್ಟಿಕೊಂಡಿರುವ ನನ್ನಂಥವರು 'ಇದು ಮಲೆನಾಡಿನ ಕಥೆ' ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಾವು ಕೈ ತೊಳೆದ ನೀರೇ ವೃಷಭಾವತಿ. ಮಲ್ಲೇಶ್ವರ, ರಾಜಾಜಿನಗರದ ಕಡೆಯ ರಾಜಕಾಲುವೆಗಳು, ಬಸವನಗುಡಿ ಕಡೆಯ ಕವಲು ಎಲ್ಲ ಸೇರಿ ಮೈಸೂರು ರಸ್ತೆಯ ಪಕ್ಕ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತೆ. ದಾರಿಯಲ್ಲಿ ಮನೆಗಳ ಕೊಳಚೆ ಮಾತ್ರ ಅಲ್ಲ, ಸಣ್ಣ ಪುಟ್ಟ ಎಲೆಕ್ಟ್ರೋಪ್ಲೇಟಿಂಗ್, ಲೋಹದ ಕೆಲಸದ ಘಟಕಗಳ ನೀರೂ ಸೇರುತ್ತೆ. ಕೊಳಚೆ ಸಂಸ್ಕರಣಾ ಘಟಕಗಳನ್ನು ಕಟ್ಟಿರೋದು ಮಲಮೂತ್ರದ ಹೊರೆ ಇಳಿಸೋದಕ್ಕೆ, ಕರಗಿದ ಲೋಹ ಹಿಡಿಯೋದಕ್ಕಲ್ಲ.

ಬೈರಮಂಗಲದ ಕಾಲುವೆಯಲ್ಲಿ ಈ ನೀರೇ ಹೊಲಕ್ಕೆ ಹೋಗುತ್ತೆ. ಅಲ್ಲಿ ಮೇವಿನ ಹುಲ್ಲು, ಬೇಬಿ ಕಾರ್ನ್ ಬೆಳೆಯುತ್ತಾರೆ. ಮಲೆನಾಡಿನಲ್ಲಿ ತಾಮ್ರ ಬರುವುದು ದೋಟಿಯ ತುದಿಯಿಂದ, ಇಲ್ಲಿ ಲೋಹಗಳು ಬರುವುದು ಕಾಲುವೆಯ ಬಾಯಿಂದ. ಅಲ್ಲಿಯ ರೈತನಿಗೆ ತಾನು ಎಷ್ಟು ಹೊಡೆದೆ ಅನ್ನೋದಾದರೂ ಗೊತ್ತು. ಇಲ್ಲಿಯ ರೈತನಿಗೆ ನಾವು ಏನು ಕಳಿಸಿದೆವು ಅನ್ನೋದು ಗೊತ್ತಿಲ್ಲ. ಅದರ ಮೇಲೆ ಅವನು ಯಾವುದೇ ಔಷಧಿ ಹೊಡೆದರೂ, ಲೇಬಲ್‌ನಲ್ಲಿ ಬರೆದಿರೋದು ಶುದ್ಧ ಮಣ್ಣಿನ ಲೆಕ್ಕ. ಅವನ ಹುಲ್ಲು ತಿಂದ ಹಸುವಿನ ಹಾಲು ಮಾತ್ರ ಬೆಳಿಗ್ಗೆ ನಗರದ ಕಡೆಗೇ ವಾಪಸ್ ಬರುತ್ತೆ.

ಕೇಳಬೇಕಾದ ಕೆಲವು ಪ್ರಶ್ನೆಗಳು

ಮೊದಲನೆಯದು, ಕಾರ್ಡಿನಲ್ಲಿ ಒಂದು ಮೇಲಿನ ಗೆರೆ. ತಾಮ್ರದ ಕೊರತೆ ಬರೆಯುವ ಜಾಗದಲ್ಲೇ 'ಹೆಚ್ಚಾಗಿದೆ' ಅಂತ ಬರೆಯಲು ಹೊಸ ಯಂತ್ರವೂ ಬೇಡ, ಹೊಸ ಮಾದರಿಯೂ ಬೇಡ. ಮಾದರಿ ಈಗಾಗಲೇ ಲ್ಯಾಬ್‌ನಲ್ಲಿದೆ. ಬೇಕಾಗಿರೋದು ನಿರ್ಧಾರ.

ಎರಡನೆಯದು, ಜೋಡಿ ಪರೀಕ್ಷೆ. ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಅದರ ವಿಟ್ಲ ಕೇಂದ್ರ ಅಡಿಕೆಗೆಂದೇ ಇದೆ. ಶಿವಮೊಗ್ಗದಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿವಿ ಇದೆ. ಮಾಸ್ ಸ್ಪೆಕ್ ಪರಿಣತಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ತೋಟದ ಮಣ್ಣು ಒಂದು ಕಡೆ, ತಕ್ಕಡಿ ಇನ್ನೊಂದು ಕಡೆ. ನಡುವೆ ಒಂದು ಬಸ್ಸಿನ ದಾರಿ ಅಷ್ಟೆ.

ಮೂರನೆಯದು, ಹೊಡೆಯುವವರು. ಮರ ಏರಿ ಅಥವಾ ದೋಟಿ ಹಿಡಿದು ದಿನವಿಡೀ ಕತ್ತೆತ್ತಿ ನಿಲ್ಲುವ ಕೊನೆಗೌಡರು, ಕೂಲಿ ಕಾರ್ಮಿಕರ ಮುಖದ ಮೇಲೇ ಈ ಎರಡೂ ಔಷಧಿ ಮೊದಲು ಬೀಳೋದು. ಮಣ್ಣಿನ ಬಗ್ಗೆ ಮಾತಾಡುವ ನಾವು ಅವರ ಚರ್ಮ, ಶ್ವಾಸಕೋಶದ ಬಗ್ಗೆ ಮಾತಾಡದಿದ್ದರೆ ಅದು ಪರಿಸರ ಕಾಳಜಿ ಅಲ್ಲ, ಫ್ಯಾಷನ್.

ನಾಲ್ಕನೆಯದು ನಮ್ಮದೇ. ವೃಷಭಾವತಿಗೆ ಯಾವ ಘಟಕ ಯಾವ ಲೋಹ ಬಿಡುತ್ತಿದೆ ಅನ್ನೋ ಮಾಹಿತಿ ಜನರು ಓದುವ ರೂಪದಲ್ಲಿ, ಕನ್ನಡದಲ್ಲಿ, ಬೈರಮಂಗಲದ ಪಂಚಾಯಿತಿ ಗೋಡೆಯ ಮೇಲೆ ಇರಬೇಕು. ಪಾಲಿಕೆ ಚುನಾವಣೆಯಲ್ಲಿ ಮತ ಕೇಳಲು ನಿಮ್ಮ ಮನೆಗೆ ಬರುವವರನ್ನು ರಸ್ತೆ ಗುಂಡಿಯ ಜೊತೆಗೆ ಇದನ್ನೂ ಕೇಳಿ.

ಔಷಧಿ ಬೇಡ ಅನ್ನೋದು ಸುಲಭದ ಮಾತು, ಕೊಳೆ ಬಿದ್ದ ತೋಟದ ಸಾಲ ತೀರಿಸುವುದು ಕಷ್ಟದ ಕೆಲಸ. ಕೋಲ್ಮನ್ ಕಾಲದಲ್ಲಿ ಸರ್ಕಾರ ರೋಗ ಯಾವುದು ಅಂತ ತೋಟಕ್ಕೆ ಹೋಗಿ ಹುಡುಕಿ, ಮದ್ದು ಹೇಳಿತು. ಆ ಮದ್ದಿನ ಲೆಕ್ಕ ಇಡುವ ಕೆಲಸ ಈಗಿನ ಸರ್ಕಾರದ್ದು. ಕತ್ತಿ ಅದ್ದಿ ನೋಡುವ ರೈತ ತನ್ನ ಪಾಲಿನ ಪರೀಕ್ಷೆಯನ್ನು ಇವತ್ತಿಗೂ ಮಾಡುತ್ತಲೇ ಇದ್ದಾನೆ.